ಉಣ್ಣೆಯಿಲ್ಲದ ಮರಿಗಳು

೧೯೫೩ರ ವಸಂತದಲ್ಲಿ ಡೆಲ್ಮಂಟ್ ಮತ್ತು ಅವನ ಅಣ್ಣ ಆರ್ವಲ್, ನೆವಾಡಾದ ಚಳಿಗಾಲದ ಹುಲ್ಲುಗಾವಲಿನಿಂದ ಎರಡು ಸಾವಿರ ಕುರಿಗಳನ್ನು ಹೊಡೆದುಕೊಂಡು ಯೂಟಾದ ತಮ್ಮ ಊರಿನತ್ತ ಹೊರಟಿದ್ದರು. ಒಂದು ಮುಂಜಾನೆ ಪಶ್ಚಿಮದ ಬೆಟ್ಟಗಳ ಹಿಂದೆ ಕಣ್ಣು ಕೋರೈಸುವ ಬೆಳಕು ಎದ್ದಿತು. ಆಮೇಲೆ ನೆಲ ಗುಡುಗಿತು. ಸರ್ಕಾರದ ಅಣುಬಾಂಬು ಪರೀಕ್ಷೆ ಅವರಿಗೆ ಹೊಸದಲ್ಲ. ಆದರೆ ಈ ಸಲ ಮಧ್ಯಾಹ್ನದ ಹೊತ್ತಿಗೆ ಮೋಡ ತಲೆಯ ಮೇಲೇ ಬಂದು, ಕುರಿಗಳ ಬೆನ್ನಿಗೆ ಬೂದಿಯಂಥ ಪುಡಿ ಉದುರಿಸಿತು.

"ಮೈ ಕೊಡವ್ಕೊಂಡು ನಡಿಯೋ," ಎಂದ ಆರ್ವಲ್. "ಇಲ್ಲೇ ನಿಂತ್ರೆ ದಾರೀಲೇ ಮರಿ ಹಾಕ್ತವೆ."

ಊರು ಸೇರುವಷ್ಟರಲ್ಲಿ ಕುರಿಗಳ ಬಾಯಿಯ ಸುತ್ತ ಸುಟ್ಟಂಥ ಹುಣ್ಣುಗಳಾಗಿದ್ದವು. ಹುಟ್ಟಿದ ಮರಿಗಳ ಮೈಯಲ್ಲಿ ಉಣ್ಣೆಯೇ ಇರಲಿಲ್ಲ. ತೆಳುವಾದ ಚರ್ಮದಡಿ ಎದೆ ಬಡಿಯುವುದು ಕಾಣುತ್ತಿತ್ತು. ಡೆಲ್ಮಂಟ್ ಅವನ್ನು ಒಲೆಯ ಪಕ್ಕ ಸಾಲಾಗಿ ಮಲಗಿಸಿದ. ಒಂದು ಮರಿಯೂ ಸಂಜೆ ಕಾಣಲಿಲ್ಲ. ದೊಡ್ಡ ಕುರಿಗಳೂ ಒಂದೊಂದಾಗಿ ಸಾಯತೊಡಗಿದವು.

ಸರ್ಕಾರ ಕಳಿಸಿದ ಪಶುವೈದ್ಯ ಹ್ಯಾಸ್ಲಮ್ ವಿಕಿರಣ ಅಳೆಯುವ ಒಂದು ಯಂತ್ರ ತಂದು ಕುರಿಗಳಿಗೆ ಹಿಡಿದ. ಅದರ ಮುಳ್ಳು ಕೊನೆಗೆ ಹೋಗಿ ನಿಂತುಬಿಟ್ಟಿತು.

"ನನ್ಗೂ ಹಿಡೀರಿ ಡಾಕ್ಟ್ರೇ, ನಾನೂ ಅವುಗಳ ಜೊತೇಲೇ ಮಲಗಿದ್ದೋನು," ಎಂದು ಆರ್ವಲ್ ನಗಾಡಿದ.

ಹ್ಯಾಸ್ಲಮ್ ಅವನ ಕುತ್ತಿಗೆಯ ಹತ್ತಿರ ಹಿಡಿದ. ಮುಳ್ಳು ಮತ್ತೆ ಹಾರಿತು.

ಬೇಸಿಗೆಯಲ್ಲಿ ಅಧಿಕಾರಿಗಳು ಕಾಗದ ತಂದರು. ಮೇವು ಸಾಲದೆ ಕುರಿಗಳು ಸತ್ತವು ಎಂದು ಅದರಲ್ಲಿ ಬರೆದಿತ್ತು. ಸಹಿ ಹಾಕಿದವರಿಗೆ ಮುಂದಿನ ವರ್ಷವೂ ಸರ್ಕಾರಿ ಹುಲ್ಲುಗಾವಲಿನಲ್ಲಿ ಮೇಯಿಸಲು ಪರವಾನಗಿ. ಹ್ಯಾಸ್ಲಮ್ ತಲೆ ತಗ್ಗಿಸಿ ಮೂಲೆಯಲ್ಲಿ ಕೂತಿದ್ದ.

"ನಾವು ಕುರಿಗಳ್ನ ಉಪವಾಸ ಕೆಡವಿದ್ವಿ ಅಂತ ನಾವೇ ಬರ್ಕೊಡ್ಬೇಕಾ?" ಎಂದು ಆರ್ವಲ್ ಎದ್ದು ಹೊರಗೆ ನಡೆದ.

ಡೆಲ್ಮಂಟನಿಗೆ ಸಾಕಾಗಿಹೋಗಿತ್ತು. ಉಳಿದ ಮಂದೆಯಾದರೂ ಬದುಕಲಿ ಎಂದುಕೊಂಡು ಸಹಿ ಹಾಕಿದ. ಅಂದಿನಿಂದ ಅಣ್ಣ ಅವನ ಜೊತೆ ಮಾತು ಬಿಟ್ಟ. ಎರಡು ವರ್ಷದಲ್ಲಿ ಗಂಟಲಲ್ಲಿ ಗಡ್ಡೆ ಎದ್ದು, ಆಡಬೇಕೆಂದರೂ ಆರ್ವಲ್‌ಗೆ ಮಾತು ಹೊರಡದಾಯಿತು. ಮರುವರ್ಷ ಹಿಮ ಬೀಳುವ ಮುಂಚೆ ಅವನನ್ನು ಮಣ್ಣು ಮಾಡಿದರು.

ಅಕ್ಕಪಕ್ಕದ ಕುರಿಗಾರರು ಸರ್ಕಾರದ ಮೇಲೆ ದಾವೆ ಹೂಡಿದಾಗ ಡೆಲ್ಮಂಟ್ ಅವರ ಪರ ಸಾಕ್ಷಿಗೆ ನಿಂತ. ಸರ್ಕಾರಿ ವಕೀಲ ಅವನ ಸಹಿಯ ಕಾಗದವನ್ನು ಗಟ್ಟಿಯಾಗಿ ಓದಿದ.

"ಇದು ನಿಮ್ದೇ ಸಹಿ ತಾನೆ?"

"ನಂದೇ. ಅವತ್ತು ಸುಳ್ಳಿಗೆ ಸಹಿ ಹಾಕ್ದೆ ಸ್ವಾಮಿ."

"ಅವತ್ತು ಹೇಳಿದ್ದು ಸುಳ್ಳೋ, ಇವತ್ತು ಹೇಳ್ತಿರೋದು ಸುಳ್ಳೋ?"

ಹಿಂದಿನ ಬೆಂಚಿನಲ್ಲಿ ಯಾರೋ ನಕ್ಕರು. ಡೆಲ್ಮಂಟ್ ಮರಿಗಳ ಬಗ್ಗೆ ಹೇಳಲು ಬಾಯಿ ತೆರೆದ. ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡಿ ಎಂದು ನ್ಯಾಯಾಧೀಶರು ತಡೆದರು.

ಆ ಕಾಗದವೇ ಗೆದ್ದಿತು, ಕುರಿಗಾರರು ಸೋತರು. ನ್ಯಾಯಾಲಯದ ಅಂಗಳದಲ್ಲಿ ಡೆಲ್ಮಂಟನನ್ನು ಯಾರೂ ಬೈಯಲಿಲ್ಲ. ಒಬ್ಬೊಬ್ಬರಾಗಿ ಟೋಪಿ ಹಾಕಿಕೊಂಡು, ಅವನು ನಿಂತಿದ್ದ ಜಾಗ ಬಿಟ್ಟು ಸುತ್ತು ಹಾಕಿ ತಮ್ಮ ತಮ್ಮ ಟ್ರಕ್ಕುಗಳತ್ತ ಹೋದರು.