ಏಣಿಯ ದರ್ಜೆ

ಮಾವನ ಬಾಯಿಂದ ಅವಳು ಮದುವೆಯಾಗಿ ಬಂದ ನಾಲ್ಕು ವರ್ಷಗಳಿಂದ ಕೇಳುತ್ತ ಬಂದಿದ್ದು ಒಂದೇ ಮಾತು: "ಚೆನ್ನಾಗಿದೆ ಕಣಮ್ಮ." ಅನ್ನ ತಳ ಹಿಡಿದ ದಿನವೂ ಚೆನ್ನಾಗಿದೆ, ಉಪ್ಪು ಹಾಕಲು ಮರೆತ ದಿನವೂ ಚೆನ್ನಾಗಿದೆ. ಅವಳದು ಬೋರ್ಡು ಬರೆಯುವ ಕಸುಬು. ಏಣಿ ಹತ್ತಿ, ಅಂಗಡಿಗಳ ನೆತ್ತಿಯ ಮೇಲೆ ಕುಂಚದಿಂದ ಹೆಸರು ಬರೆಯುತ್ತಾಳೆ. ಒಮ್ಮೆ ಔಷಧಿ ಅಂಗಡಿಯ ಬೋರ್ಡು ಒಂದು ಕಡೆಗೆ ಎಷ್ಟು ವಾಲಿತ್ತೆಂದರೆ, ದಾರಿಹೋಕರು ಕತ್ತು ಓರೆ ಮಾಡಿ ಓದುತ್ತಿದ್ದರು. ಅಚ್ಚುಮನೆಯಲ್ಲಿ ಮೂವತ್ತನಾಲ್ಕು ವರ್ಷ ಕರಡು ತಿದ್ದಿದ ಮನುಷ್ಯ ಅದನ್ನೂ ನೋಡಿಬಂದು, "ಬಣ್ಣ ಚೆನ್ನಾಗಿದೆ ಕಣಮ್ಮ" ಎಂದಿದ್ದರು. ಅದೇ ಸ್ವಂತ ಮಗ ಒಂದು ಮೊಳೆ ಸೊಟ್ಟಗೆ ಹೊಡೆದರೆ ಮನೆ ಹಾರಿಹೋಗುವ ಹಾಗೆ ಬೈಯುತ್ತಿದ್ದರು. ಬೈಗುಳ ಮನೆಯವರಿಗೆ, ಮರ್ಯಾದೆ ನೆಂಟರಿಗೆ. ನಾಲ್ಕು ವರ್ಷ ನೆಂಟಳಾಗಿದ್ದು ಅವಳಿಗೆ ಸಾಕುಸಾಕಾಗಿತ್ತು.

ನಿವೃತ್ತರಾದ ಮೇಲೆ ಮಾವ ಅಂತರ್ಜಾಲದ ಒಂದು ವಿಶ್ವಕೋಶಕ್ಕೆ ಸೇರಿಕೊಂಡಿದ್ದರು. ಅಲ್ಲಿ ಯಾರು ಬೇಕಾದರೂ ಬರೆಯಬಹುದು, ಯಾರು ಬೇಕಾದರೂ ತಿದ್ದಬಹುದು. ಮಾವ ಬರೆಯುತ್ತಿರಲಿಲ್ಲ, ದರ್ಜೆ ಕೊಡುತ್ತಿದ್ದರು. ಪ್ರತಿ ಲೇಖನದ ಹಿಂದೆ ಒಂದು ಚರ್ಚೆಯ ಪುಟ, ಅದರ ಮೇಲ್ಭಾಗದಲ್ಲಿ ಎರಡು ಚೌಕ. ಒಂದರಲ್ಲಿ ಲೇಖನದ ಗುಣಮಟ್ಟ, ಇನ್ನೊಂದರಲ್ಲಿ ವಿಷಯದ ಮಹತ್ವ. ಗುಣಮಟ್ಟ ಎನ್ನುವುದು ಚುಟುಕಿನಿಂದ ಶುರುವಾಗಿ ಆರಂಭಿಕ, ಸಾಧಾರಣ, ಉತ್ತಮ ಎಂದು ಏರುತ್ತದೆ. ಅಲ್ಲಿ 'ಕೆಂಪು ಪೆನ್ಸಿಲ್' ಎಂದು ಹೆಸರು ಇಟ್ಟುಕೊಂಡಿದ್ದ ಮಾವನಿಗೆ ಬರಹಗಾರರೆಲ್ಲ ಹೆದರುತ್ತಿದ್ದರು. ಮೊಸರಲ್ಲಿ ಕಲ್ಲು ಹುಡುಕುವ ಆಸಾಮಿ ಎಂದು ಒಬ್ಬ ಬಹಿರಂಗವಾಗಿಯೇ ಬರೆದಿದ್ದ. ಏಳು ವರ್ಷಗಳಲ್ಲಿ ಅವರ ಕೈಯಿಂದ 'ಉತ್ತಮ' ಗಿಟ್ಟಿಸಿದ ಲೇಖನಗಳು ಬರೀ ಒಂಬತ್ತು.

ಅವರ ಟಿಪ್ಪಣಿಗಳನ್ನು ಅವಳು ಒಂದು ದಿನ ಕುತೂಹಲಕ್ಕೆ ಓದಿದಳು. ಓದಿ ಹೊಟ್ಟೆ ಉರಿದುಕೊಂಡಳು. ಮುಖವನ್ನೇ ನೋಡದ ಜನರಿಗೆ ಈ ಮನುಷ್ಯ ಎಷ್ಟು ಪ್ರೀತಿಯಿಂದ ಬೈಯುತ್ತಾರೆ! ಒಂದೊಂದು ವಾಕ್ಯವನ್ನೂ ಹಿಡಿದು ಜಾಲಾಡಿಸುತ್ತಾರೆ! ತನಗೂ ಒಂದು ಸಲ ಹೀಗೆ ನಿಜ ಹೇಳಬಾರದೇ ಅನ್ನಿಸಿತು. ಅವತ್ತೇ 'ಮೂರನೇ ಮೆಟ್ಟಿಲು' ಎಂದು ಹೆಸರು ಇಟ್ಟುಕೊಂಡು, ತನಗೆ ಗೊತ್ತಿರುವ ಒಂದೇ ವಿಷಯದ ಮೇಲೆ ಹತ್ತು ಸಾಲು ಬರೆದು ಹಾಕಿದಳು. ವಿಷಯ, ಏಣಿ.

ಮಾರನೆಯ ದಿನವೇ ಉತ್ತರ ಬಂತು. "ಏಣಿಯ ಬಗ್ಗೆ ಗೊತ್ತಿರುವುದು ಇಷ್ಟೇ ಆದರೆ ತಾವು ನೆಲದ ಮೇಲಿರುವುದೇ ಕ್ಷೇಮ. ಗುಣಮಟ್ಟ: ಚುಟುಕು. ಮಹತ್ವ: ಕಡಿಮೆ."

ಅರ್ಧ ಬರೆದ ಬೋರ್ಡಿನ ಕೆಳಗೆ ನಿಂತು ಅದನ್ನೋದಿದ ಅವಳಿಗೆ ಹಿಗ್ಗೋ ಹಿಗ್ಗು.

ಅಲ್ಲಿಂದ ಐದು ತಿಂಗಳು ಅವಳು ಬಿಡಲಿಲ್ಲ. ಮಧ್ಯಾಹ್ನದ ಊಟದ ಬಿಡುವಿನಲ್ಲಿ ಬರೆಯುವುದು, ಸಂಜೆಯೊಳಗೆ ಬೈಸಿಕೊಳ್ಳುವುದು. ನಾಲ್ಕು ಅಡಿ ಎತ್ತರಕ್ಕೆ ಏಣಿಯ ಬುಡ ಗೋಡೆಯಿಂದ ಒಂದು ಅಡಿ ದೂರ ಇರಬೇಕು ಎಂದು ಬರೆದರೆ, "ಆಧಾರ ಎಲ್ಲಿ? ತಮ್ಮ ಅನುಭವ ತಮ್ಮ ಜೇಬಿನಲ್ಲಿರಲಿ" ಎಂದು ಬಂತು. ಗ್ರಂಥಾಲಯಕ್ಕೆ ಹೋಗಿ ಕಟ್ಟಡ ಕೆಲಸಗಾರರ ಸುರಕ್ಷತೆಯ ಪುಸ್ತಕ ಹುಡುಕಿ, ಪುಟದ ಸಂಖ್ಯೆ ಸಮೇತ ಕೊಟ್ಟಳು. ಚುಟುಕು ಆರಂಭಿಕವಾಯಿತು, ಆರಂಭಿಕ ಸಾಧಾರಣವಾಯಿತು. ಮಹತ್ವದ ಚೌಕ ಮಾತ್ರ ಜಪ್ಪಯ್ಯ ಅಂದರೂ ಕದಲಲಿಲ್ಲ. ಏಣಿಯಿಲ್ಲದೆ ಯಾವ ಮನೆ ಎದ್ದಿದೆ ಎಂದು ಜಗಳಕ್ಕೇ ನಿಂತಳು. "ಮಹತ್ವ ಎಂದರೆ ಬೆಲೆಯಲ್ಲ ಮಾನ್ಯರೇ, ಯಾವ ಲೇಖನವನ್ನು ಮೊದಲು ತಿದ್ದಬೇಕು ಎನ್ನುವ ಸರತಿ ಸಾಲು. ಹೃದಯ, ನೀರು, ಬೆಂಕಿ ಇವೆಲ್ಲ ಕಾಯುತ್ತಿವೆ. ತಮ್ಮ ಏಣಿ ಗೋಡೆಗೆ ಒರಗಿಕೊಂಡು ಸ್ವಲ್ಪ ಕಾಯಲಿ" ಎಂದು ಉತ್ತರ ಬಂತು. ಅವಳು ಮತ್ತೆ ಗುಣಮಟ್ಟದ ಚೌಕದ ಬೆನ್ನು ಹತ್ತಿದಳು.

ಊಟದ ಮೇಜಿನಲ್ಲಿ ಮಾವನ ದೂರು ಬೇರೆ. "ಒಬ್ಬ ಗಂಟುಬಿದ್ದಿದಾನೆ ಕಣಮ್ಮ. ನಿವೃತ್ತ ಇಂಜಿನಿಯರ್ ಇರಬೇಕು. ಹಿಡಿದ ಹಟ ಬಿಡಲ್ಲ, ಒಂದು ಮಾತಿಗೆ ನಾಲ್ಕು ಮಾತು."

"ಪಾಪ, ಬರೆಯೋಕಾದ್ರೂ ಬರುತ್ತಾ ಮಾವ?"

"ಬರುತ್ತೆ. ಆದ್ರೆ ಅವನ ಮುಂದೆ ಹೇಳಬಾರದು. ತಲೆ ಮೇಲೆ ಕೂತ್ಕೋತಾನೆ."

ಅವಳಿಗೆ ಅನ್ನ ನೆತ್ತಿಗೆ ಹತ್ತಿತು. ಗಂಡ ಬೆನ್ನು ತಟ್ಟಿ ನೀರು ಕೊಟ್ಟ.

ಒಂದು ಬುಧವಾರ ಚೌಕದ ಬಣ್ಣ ಬದಲಾಯಿತು. ಗುಣಮಟ್ಟ: ಉತ್ತಮ. ಕೆಳಗೆ ಎರಡೇ ಸಾಲು: "ಇನ್ನು ನನಗೆ ಹೇಳಲು ಉಳಿದಿಲ್ಲ. ಒಂದು ಚಿತ್ರ ಇದ್ದರೆ ಒಳ್ಳೆಯದು." ಹತ್ತನೆಯದು! ಅವಳು ಏಣಿಯ ಮೇಲೆಯೇ ಕುಣಿಯುವುದೊಂದು ಬಾಕಿ. ಆ ಸಂಭ್ರಮದಲ್ಲಿ ಹಿಂದೆಮುಂದೆ ನೋಡದೆ, ಕೆಳಗಿಳಿದು ತನ್ನ ಏಣಿಯದೇ ಫೋಟೋ ತೆಗೆದು ಲೇಖನಕ್ಕೆ ಸೇರಿಸಿಬಿಟ್ಟಳು.

ಬೋರ್ಡು ಬರೆಯುವವರು ಗೋಡೆಯ ಸುಣ್ಣ ಕೆರೆದುಹೋಗದಿರಲೆಂದು ಏಣಿಯ ಮೇಲಿನ ಎರಡು ತುದಿಗೂ ಹಳೇ ಬಟ್ಟೆ ಸುತ್ತುತ್ತಾರೆ. ಅವಳು ಸುತ್ತಿದ್ದು ಮಾವನದೇ ಹಳೆಯ ಅಂಗಿ. ಹಸಿರು ಚೌಕಳಿಯದು, ಹನ್ನೊಂದು ವರ್ಷ ಅವರು ಅಚ್ಚುಮನೆಗೆ ಹಾಕಿಕೊಂಡು ಹೋಗಿದ್ದು. ಫೋಟೋದಲ್ಲಿ ಜೇಬೂ, ಜೇಬಿನ ಮೇಲಿನ ಶಾಯಿಯ ಕಲೆಯೂ ನಿಚ್ಚಳವಾಗಿ ಕಾಣುತ್ತಿದ್ದವು.

ಗುರುವಾರ ಮಧ್ಯಾಹ್ನ ನೋಡಿದರೆ ಚೌಕ ಖಾಲಿ. "ಬರೆದವರು ನನ್ನ ಮನೆಯವರು ಎಂದು ಈಗ ತಿಳಿಯಿತು. ಮನೆಯವರ ಲೇಖನಕ್ಕೆ ದರ್ಜೆ ಕೊಡುವಂತಿಲ್ಲ. ಹಿಂದಕ್ಕೆ ಪಡೆದಿದ್ದೇನೆ."

ನಿಯಮ ಅವಳಿಗೂ ಗೊತ್ತಿತ್ತು, ಗೊತ್ತಿದ್ದೇ ಬಚ್ಚಿಟ್ಟಿದ್ದಳು. ದರ್ಜೆ ಹೋಗಿದ್ದಕ್ಕೆ ಬೇಜಾರಾಯಿತು, ಇಲ್ಲವೆಂದರೆ ಸುಳ್ಳಾಗುತ್ತದೆ. ಆದರೆ ನಿಜವಾಗಿ ಎದೆ ಕುಸಿದಿದ್ದು ಬೇರೆಯದಕ್ಕೆ. ಬೈಯುವ ಮಾವ ಇಲ್ಲಿಗೆ ಮುಗಿದರು. ಇನ್ನು ಸಾಯುವ ತನಕ ನಯವಾದ ಮಾತೇ ಗತಿ. ಅದೂ ಮೋಸ ಮಾಡಿದ ಸೊಸೆ ಎಂಬ ಮುನಿಸು ಬೇರೆ ಸೇರಿದ ನಯ.

ಸಂಜೆ ಏಣಿಯನ್ನು ಮೆಟ್ಟಿಲ ಕೆಳಗೆ ಮಲಗಿಸಿ, ಕೈಯ ಬಣ್ಣ ತೊಳೆದು ಮೆಲ್ಲಗೆ ಒಳಗೆ ಬಂದಳು. ಮಾವ ಊಟದ ಮೇಜಿನ ಮುಂದೆ ಕೂತಿದ್ದರು. ಎದುರಿಗೆ ಲೇಖನದ ಹನ್ನೆರಡು ಹಾಳೆ, ಅಚ್ಚು ಹಾಕಿಸಿಕೊಂಡು ತಂದಿದ್ದು. ಕೈಯಲ್ಲಿ ಪೆನ್ಸಿಲ್.

"ತಪ್ಪಾಯ್ತು ಮಾವ," ಎಂದಳು.

ಅವರು ತಲೆಯೆತ್ತಲಿಲ್ಲ. "ಎಲ್ಲಿ ತಪ್ಪಾಯ್ತು ಅಂತ ಹೇಳ್ತೀನಿ, ಕೂತ್ಕೋ. ದರ್ಜೆ ಕೊಡಬಾರದು ಅಂತಿದೆ, ಓದಬಾರದು ಅಂತಿಲ್ಲ. ನೋಡಿಲ್ಲಿ, ನಾಲ್ಕನೇ ಪ್ಯಾರಾ. ಹೊರಗಿನವನು, ವಯಸ್ಸಾದವನು, ಹೋಗ್ಲಿ ಅಂತ ಬಿಟ್ಟಿದ್ದೆ. ಇದೇನಿದು? ಬರೀ ಹೊಟ್ಟು! ಮೂರು ಸಾಲಲ್ಲಿ ಮುಗಿಯೋದನ್ನ ಇಡೀ ಪುಟ ಎಳೆದಿದೀಯ."

"ಹೊಟ್ಟಲ್ಲ ಮಾವ, ಅದು ಬೇಕು. ಬಿದಿರಿನ ಏಣಿ ಬೇರೆ, ಮರದ್ದು ಬೇರೆ..."

"ಬೇರೆ ಅಂತ ಎರಡನೇ ಪ್ಯಾರಾದಲ್ಲೇ ಹೇಳಿ ಆಯ್ತಲ್ಲ! ಓದೋರೇನು ದಡ್ಡರಾ?"

"ಅಲ್ಲಿ ಹೇಳಿದ್ದು ತೂಕ. ಇಲ್ಲಿ ಹೇಳ್ತಿರೋದು ಮುರಿಯೋದು. ನೀವು ಏಣಿ ಹತ್ತಿದೀರಾ ಯಾವತ್ತಾದ್ರೂ?"

"ನಾನು ಯಾಕೆ ಹತ್ತಬೇಕು? ಅರ್ಥ ಆಗೋ ಹಾಗೆ ಬರೆಯೋದು ನಿನ್ನ ಕೆಲಸ!"

ಮಾವ ಮೇಜು ಗುದ್ದಿದರು. ಅವಳು ಎದ್ದು ನಿಂತಿದ್ದಳು. ಯಾವಾಗ ಎದ್ದಳೋ ಅವಳಿಗೇ ಗೊತ್ತಿಲ್ಲ. ಅಷ್ಟರಲ್ಲಿ ಕೆಲಸ ಮುಗಿಸಿ ಬಂದ ಗಂಡ, ಮೆಟ್ಟಿಲಿನಿಂದಲೇ ಗಲಾಟೆ ಕೇಳಿ ಚಪ್ಪಲಿ ಕಾಲಲ್ಲೇ ಒಳಗೆ ಓಡಿಬಂದ. ನಾಲ್ಕು ವರ್ಷದಲ್ಲಿ ಇವರಿಬ್ಬರ ದನಿ ಏರಿದ್ದನ್ನು ಅವನು ಕಂಡಿರಲಿಲ್ಲ.

"ಅಪ್ಪಾ, ಏನಾಯ್ತು? ಅವಳ ಮೇಲೆ ಯಾಕೆ ಕೂಗಾಡ್ತಿದೀಯ?"

"ಕೂಗದೆ ಮುದ್ದು ಮಾಡ್ಲಾ? ಹೇಳಿದ್ದನ್ನೇ ಹೇಳ್ತಾಳೆ, ಮೇಲಿಂದ ವಾದ. ಥೇಟ್ ನಿನ್ನ ಹಾಗೇ!"

ಅವಳ ಕಣ್ಣು ತುಂಬಿಬಂತು. ಗಂಡ ಗಾಬರಿಯಾಗಿ ಹತ್ತಿರ ಬರುವಷ್ಟರಲ್ಲಿ ಅವಳು ಕೈ ಅಡ್ಡ ಹಿಡಿದಳು.

"ರೀ, ನೀವು ಮಧ್ಯ ಬರಬೇಡಿ," ಎಂದು ಕುರ್ಚಿಯನ್ನು ಮಾವನ ಪಕ್ಕಕ್ಕೆ ಎಳೆದುಕೊಂಡು ಕೂತಳು. "ಈಗ ಹೇಳಿ ಮಾವ. ಐದನೇ ಪ್ಯಾರಾದಲ್ಲಿ ಏನು ತಪ್ಪಿದೆ?"