ಕೆಚ್ಚಲಲ್ಲಿ ಉಳಿದ ಹಾಲು

ಆಕಳು ಗಂಗಿ ಒದ್ದ ಏಟಿಗೆ ತಂಬಿಗೆ ಉರುಳಿ ಗೋದಲಿಯ ಕೆಳಗೆ ಹೋಯಿತು. ಮನ್ಮಥಪ್ಪ ಮೊಣಕಾಲು ಹಿಡಿದುಕೊಂಡು ಅಲ್ಲೇ ಕುಳಿತ. ಒಲೆಯ ಮುಂದಿದ್ದ ಶೇವಂತಾಬಾಯಿ ತಲೆ ಎತ್ತಲಿಲ್ಲ.

"ನಗಲತ್ತೀ ಏನ?"

"ನಾ ಯಾಕ ನಗಲಿ ಭಾವಾ. ರೊಟ್ಟಿ ಬಡೀಲತ್ತೀನ್ರೀ."

ನಿಜಾಮನ ಮೇಲೆ ಪೊಲೀಸ್ ಆಕ್ಷನ್ ಆದ ಮರುವರ್ಷ ಅವಳ ಗಂಡ ದಿಗಂಬರ ಜ್ವರದಲ್ಲಿ ತೀರಿಕೊಂಡಿದ್ದ. ವಲಾಂಡಿಯ ಆ ಮನೆಯಲ್ಲಿ ತನ್ನದು ಅಂತ ಅವಳಿಗೆ ಉಳಿದದ್ದು ತವರಿನವರು ಕೊಟ್ಟ, ದೇವಣಿ ತಳಿಯ ಈ ಆಕಳು ಒಂದೇ. ಭಾವನ ಮುಂದೆ ಕೈ ಚಾಚಬಾರದು ಎಂದು ಉದಗೀರಕ್ಕೆ ಹೋಗಿ, ಕೋಟೆಯ ಹಿಂದಿನ ಗೌಳಿಗರ ದೊಡ್ಡಿಯಲ್ಲಿ ಹೈನದ ಕೆಲಸ ಕಲಿಯಲು ನಿಂತಳು. ಕೂಲಿ ಇಲ್ಲ, ಊಟ ಮಾತ್ರ. ಮಳೆಗಾಲವೆಲ್ಲ ಸಗಣಿ ಬಾಚಿಸಿಕೊಂಡ ಮೇಲೆಯೇ ದೊಡ್ಡಿಯ ಯಜಮಾನಿ ಅಂಜನಾಬಾಯಿ ಅವಳಿಗೆ ಕೆಚ್ಚಲು ಮುಟ್ಟಗೊಟ್ಟದ್ದು.

"ಅಗ ಬಾಯಿ, ರೊಟ್ಟಿ ಬಡಿದಂಗ ಬಡೀಬ್ಯಾಡ! ಕರು ಇಲ್ಲದ ಆಕಳಿಗಿ ಮೊದಲ ಕೊರಳ ತುರಸು, ಮಾತಾಡ್ಸು. ಆಮ್ಯಾಲ ಹಾಲ ಇಳಸ್ತದ. ಇಳಿಸಿದ್ದು ಪೂರಾ ಹಿಂಡು. ಕೆಚ್ಚಲದಾಗ ಹಾಲ ಉಳೀತಂದ್ರ ಕಲ್ಲಾಗ್ತದ. ಕೆಚ್ಚಲ ಹೋತು, ಆಕಳ ಹೋತು."

ವಲಾಂಡಿಗೆ ಮರಳಿದ ಮೇಲೆ ಆ ವಿದ್ಯೆ ಮನೆಯಲ್ಲೇ ಬೇಕಾಯಿತು. ದೀಪಾವಳಿಗೆ ಗಂಗಿ ಈದಳು, ಕರು ಉಳಿಯಲಿಲ್ಲ. ಶೇವಂತಾಬಾಯಿ ಕೊರಳು ತುರಿಸಿ ಹಿಂಡಿ, ಮೋಟಾರು ನಿಲ್ಲುವಲ್ಲಿ ಬಕ್ಕಪ್ಪ ಹೊಸದಾಗಿ ತೆರೆದಿದ್ದ ಹೋಟೆಲಿಗೆ ಹಾಲು ಕೊಡತೊಡಗಿದಳು. ಮನ್ಮಥಪ್ಪ ಒಂದು ದಿನ ಉಣ್ಣದೆ ಮಲಗಿದ.

"ನಮ್ಮ ಮನಿತನದಾಗ ತುಪ್ಪ ಮಾರ್ಯಾರ, ಹಾಲ ಯಾರೂ ಮಾರಿಲ್ಲ. ಹಾಲ ಮಾರೋದಂದ್ರ ಕೂಸ ಮಾರಿದಂಗ."

ಊರಲ್ಲಿ ಬಕ್ಕಪ್ಪನ ಚಹಾ ಹೆಸರಾಯಿತು. ಇನ್ನೂ ಹಾಲು ಬೇಕು ಎಂದು ಅವನು ಮನೆಗೇ ಬಂದ. ಆ ವಾರದಲ್ಲೇ ಮನ್ಮಥಪ್ಪ ಮಠದ ಚಂದ್ರಯ್ಯನವರನ್ನು ಕರೆತಂದ. ಮೊದಲ ತಂಬಿಗೆ ಮಠಕ್ಕೆ ಮುಟ್ಟಿದರೆ ಉಳಿದದ್ದು ಮಾರಲು ದೋಷವಿಲ್ಲ ಎಂದರು ಅಯ್ಯನವರು. ಮನ್ಮಥಪ್ಪ ಎದ್ದು ಹಾಲಿನ ತಂಬಿಗೆ ಕೈಗೆ ತೆಗೆದುಕೊಂಡ.

"ಹೆಣ್ಮಗಳು ಹೋಟಲಿಗಿ ಅಡ್ಡಾಡೋದು ಛಂದಲ್ಲ. ಇನ್ನ ನಾ ನೋಡ್ತೀನಿ."

"ಗಂಗಿ ನಂದದರೀ ಭಾವಾ."

"ಮೇವ ಯಾರದು?"

ಅವಳು ಸೆರಗು ಸರಿ ಮಾಡಿಕೊಂಡು ಚಂದ್ರಯ್ಯನವರ ಕಡೆ ತಿರುಗಿದಳು. "ಅಯ್ಯನೋರ, ಆಕಿ ಇವರ ಕೈಗಿ ಹಾಲ ಇಳಸಂಗಿಲ್ಲರೀ."

ಮನ್ಮಥಪ್ಪ ಕೆರಳಿದ. "ಅಯ್ಯನೋರ ಮುಂದ ಶರತ್ತ. ನಾಳಿ ಸಂಜೀತನಕ ಇಳಸಲಿಲ್ಲಂದ್ರ ಆಕಳ ಹೊಡ್ಕೊಂಡು ತವರಿಗಿ ನಡಿ. ನಡುವ ನೀ ಕೈ ಹಚ್ಚಿದಿ ಅಂದ್ರ ಆಕಳ ನಂದು."

ಅವಳು ಒಪ್ಪಿದಳು. ಆ ರಾತ್ರಿಯೇ ಗಂಟು ಕಟ್ಟಿ, ಗಂಗಿಯನ್ನು ಹೊಡೆದೊಯ್ಯಲು ಪುಂಡಿನಾರಿನ ಹೊಸ ಹಗ್ಗ ಹೊಸೆದು ಅದರ ಮೇಲಿಟ್ಟಳು.

ಶರತ್ತು ಕಟ್ಟಿದ ಸಂಜೆ ಮನ್ಮಥಪ್ಪನ ಕೈಗೆ ಹಾಲು ಇಳಿದಿರಲಿಲ್ಲ. ಮರುದಿನ ಬೆಳಿಗ್ಗೆ ಒದ್ದ ಏಟಿಗೆ ತಂಬಿಗೆ ಉರುಳಿತು. ಮಧ್ಯಾಹ್ನದ ಹೊತ್ತಿಗೆ ಗಂಗಿ ಮೇವು ಬಿಟ್ಟಳು. ಕೆಚ್ಚಲು ಉಬ್ಬಿ ಹಿಂಗಾಲು ಕೂಡಿಸಲಾರದೆ ಅಗಲಿಸಿ ನಿಂತು ಅಡುಗೆಮನೆಯ ಕಡೆ ನೋಡಿ ಕೂಗುತ್ತಿದ್ದಳು. ಶೇವಂತಾಬಾಯಿ ಬೀಸುವ ಕಲ್ಲಿಗೆ ಕುಳಿತಳು. ಜೋಳ ಮುಗಿದ ಮೇಲೂ ಕಲ್ಲು ತಿರುವುತ್ತಲೇ ಇದ್ದಳು.

ಹೊತ್ತು ವಾಲಿತು. ಮನ್ಮಥಪ್ಪ ಮತ್ತೆ ತಂಬಿಗೆ ಹಿಡಿದು ಕುಳಿತ. ಎಳೆದ, ಬೈದ, ಬೆನ್ನಿಗೆ ಗುದ್ದಿದ. ಕಟ್ಟೆಯ ಮೇಲಿದ್ದ ಚಂದ್ರಯ್ಯನವರು, "ದಿನ ಮುಣಗಲಾಕ ಬಂತಪಾ," ಎಂದರು.

ಗಂಗಿಯ ಕೂಗು ನಿಂತು ಬರೀ ನರಳಿಕೆಯಾಗಿತ್ತು. ಒಂದು ಮೊಲೆಯ ಬುಡ ಕೆಂಪಗಾಗಿರುವುದು ಶೇವಂತಾಬಾಯಿಗೆ ಬಾಗಿಲಿಂದಲೇ ಕಂಡಿತು. ಒಂದು ಎಮ್ಮೆಯ ಅಂಥದೇ ಕೆಚ್ಚಲನ್ನು ಅಂಜನಾಬಾಯಿ ದೊಡ್ಡಿಯಲ್ಲಿ ಅವಳಿಗೆ ಒಮ್ಮೆ ಮುಟ್ಟಿಸಿ ತೋರಿಸಿದ್ದಳು. ಆಮೇಲೆ ಆ ಎಮ್ಮೆಯನ್ನು ಕಟುಕರಿಗೆ ಕೊಟ್ಟಿದ್ದರು.

ಅವಳು ಕೈ ತೊಳೆದುಕೊಂಡು ಅಂಗಳಕ್ಕೆ ಇಳಿದಳು. ಗಂಗಿಯ ಕೊರಳ ಕೆಳಗೆ ಕೈ ಹಾಕಿ ತುರಿಸತೊಡಗಿದಳು. "ಯವ್ವಾ, ನನ್ನವ್ವಾ, ಬಿಡು," ಎಂದಳು.

ಗಂಗಿ ಉಸಿರು ಬಿಟ್ಟು ಕಾಲು ಸಡಿಲಿಸಿದಳು.

ಮನ್ಮಥಪ್ಪ ಅಯ್ಯನವರ ಮುಖ ನೋಡಿದ. ಅಯ್ಯನವರು ಬೇರೆ ಕಡೆ ನೋಡಿದರು.

"ಕೈ ಹಚ್ಚಿದಿ," ಎಂದ ಮನ್ಮಥಪ್ಪ. ಶೇವಂತಾಬಾಯಿ ಕೊರಳು ತುರಿಸುತ್ತಲೇ ಇದ್ದಳು. ಅವನು ತಂಬಿಗೆ ಹತ್ತಿರ ಎಳೆದುಕೊಂಡ. "ಅಲ್ಲೇ ನಿಂದರು. ಕೈ ತಗೀಬ್ಯಾಡ. ನಾಳಿಯಿಂದ ಎರಡೂ ಹೊತ್ತು ಹಿಂಗೇ ನಿಂದರಬೇಕು."

ಮೊದಲ ಧಾರೆ ತಂಬಿಗೆಯ ತಳಕ್ಕೆ ಬಡಿಯಿತು.

"ಪೂರಾ ಹಿಂಡ್ರೀ ಭಾವಾ," ಎಂದಳು ಅವಳು. "ಉಳಸಬ್ಯಾಡ್ರಿ."

ತಂಬಿಗೆ ತುಂಬುತ್ತ ಬಂದಂತೆ ಧಾರೆಯ ಸದ್ದು ಮೆತ್ತಗಾಯಿತು. ಹೊಸ್ತಿಲ ಒಳಗೆ ಕಟ್ಟಿಟ್ಟ ಗಂಟಿನ ಮೇಲೆ, ಇನ್ನೂ ಒಂದೂ ಗಂಟು ಬೀಳದ ಹೊಸ ಹಗ್ಗ ಸುತ್ತಿಟ್ಟಂತೆಯೇ ಇತ್ತು.