ಇಸ್ತ್ರಿ ಅಂಗಡಿಯ ದೊರೆಸಾನಿ

ಹೆಡ್ ಮೇಡಂ ಹೇಗೆ ಕೆಮ್ಮುತ್ತಾರೆಂದು ಸ್ಟಾಫ್ ರೂಮಿನಲ್ಲಿ ಮಾಡಿ ತೋರಿಸುತ್ತಿದ್ದ ಗಿಳಿ ಮೇಷ್ಟ್ರು ಎರಡನೇ ಕೆಮ್ಮಿನ ನಡುವೆಯೇ ನಿಂತುಬಿಟ್ಟರು. ನಗುತ್ತಿದ್ದವರೆಲ್ಲ ಅಸಲಿ ಕೆಮ್ಮೇ ಬಾಗಿಲಿಗೆ ಬಂತೆಂದುಕೊಂಡು ಗಬಕ್ಕನೆ ಪೆನ್ನು ಹಿಡಿದು ತಲೆ ತಗ್ಗಿಸಿದರು. ಬಾಗಿಲಲ್ಲಿ ಯಾರೂ ಇರಲಿಲ್ಲ. ಮೇಷ್ಟ್ರು ನೋಡುತ್ತಿದ್ದದ್ದು ಕಿಟಕಿಯಾಚೆ, ಆಟದ ಬಯಲಿನ ಅಂಚಿಗೆ.

ಅಲ್ಲಿ ಅವರ ಐದನೇ ಕ್ಲಾಸಿನ ಹುಡುಗಿಯೊಬ್ಬಳು ನಿಂತುಕೊಂಡೇ ಊಟ ಮಾಡುತ್ತಿದ್ದಳು. ಮಿಕ್ಕ ಮಕ್ಕಳು ನೆಲದ ಮೇಲೆ ಗುಂಪು ಕಟ್ಟಿ ಕೂತಿದ್ದರೆ ಇವಳು ಡಬ್ಬಿಯನ್ನು ಮೈಯಿಂದ ಮೊಳ ದೂರ ಹಿಡಿದು, ಕತ್ತನ್ನು ಕೊಕ್ಕರೆಯ ಹಾಗೆ ಮುಂದಕ್ಕೆ ಚಾಚಿ, ಒಂದೊಂದೇ ತುತ್ತನ್ನು ಬಾಯಿಗೆ ತಲುಪಿಸುತ್ತಿದ್ದಳು. ಗೋಡೆ ಪಕ್ಕದಲ್ಲೇ ಇತ್ತು, ಒರಗಿರಲಿಲ್ಲ. ಕಲ್ಲುಬೆಂಚು ಖಾಲಿಯೇ ಇತ್ತು, ಕೂತಿರಲಿಲ್ಲ. ದಿನಕ್ಕೊಂದು ಚೆಂದದ ಬಟ್ಟೆ ಹಾಕಿಕೊಂಡು ಬಂದು, ಯಾರ ಜತೆಗೂ ಆಡದೆ ಗೂಟದ ಹಾಗೆ ನಿಲ್ಲುವ ಅವಳಿಗೆ ಕ್ಲಾಸಿನವರು ದೊರೆಸಾನಿ ಎಂದು ಹೆಸರಿಟ್ಟಿದ್ದರು. ಜಂಬ ಎಂಬುದು ಎಲ್ಲರ ತೀರ್ಮಾನ. ಈ ವರ್ಷವಷ್ಟೇ ಅವಳಿಗೆ ಪಾಠ ಶುರು ಮಾಡಿದ್ದ ಮೇಷ್ಟ್ರು ಕೂಡ ಹಾಗೇ ಅಂದುಕೊಂಡಿದ್ದರು.

ಈಗ ನೋಡಿದರೆ, ಆ ನಿಲುವು ಅವರದೇ. ಅವರು ಹುಡುಗನಾಗಿದ್ದಾಗ ಮನೆಯಲ್ಲಿ ಒಂದು ಕನ್ನಡಿ ಇದ್ದಿದ್ದರೆ ದಿನವೂ ಅದರಲ್ಲಿ ಕಾಣಬೇಕಾಗಿದ್ದ ನಿಲುವು.

ಅಪ್ಪ ಗಾರೆ ಮೇಸ್ತ್ರಿ, ಅಮ್ಮನದು ಇಸ್ತ್ರಿ, ಮಗ ಮೇಷ್ಟ್ರು. ನಮ್ಮದು ಪ್ರಾಸ ತಪ್ಪದ ಮನೆತನ ಎಂದು ಅವರು ಈಗ ತಮಾಷೆ ಮಾಡುತ್ತಾರೆ. ಅಪ್ಪ ಬೇಗ ಹೋಗಿಬಿಟ್ಟ ಮೇಲೆ ಪ್ರಾಸದ ಭಾರವೆಲ್ಲ ಅಮ್ಮನ ಇಸ್ತ್ರಿ ಪೆಟ್ಟಿಗೆಯ ಮೇಲೆ ಬಿತ್ತು. ಆ ಮನೆಯಲ್ಲಿ ಗಂಜಿ ಮೊದಲು ಬಟ್ಟೆಗೆ, ಉಳಿದರೆ ಹೊಟ್ಟೆಗೆ. ಮಗನಿಗೆ ಸ್ವಂತದ್ದು ಅಂತ ಒಂದು ಚಡ್ಡಿ ಇತ್ತು. ಅಂಗಿ ಮಾತ್ರ ಗಿರಾಕಿಗಳದ್ದು. ಇಸ್ತ್ರಿಗೆ ಬಂದ ಬಟ್ಟೆ ಅಂಗಡಿಯಲ್ಲಿ ಒಂದು ಹಗಲು ಸುಮ್ಮನೆ ಬಿದ್ದಿರುತ್ತಿತ್ತಲ್ಲ, ಆ ಹಗಲಲ್ಲಿ ಅದು ಅವನ ಮೈ ಮೇಲೆ ಶಾಲೆಗೆ ಹೋಗಿ ಬರುತ್ತಿತ್ತು. ಸಂಜೆ ಅಮ್ಮ ಸುಕ್ಕು ತೆಗೆದು, ಮಡಿಸಿ, ಯಜಮಾನರ ಮನೆಗೆ ಮುಟ್ಟಿಸುತ್ತಿದ್ದಳು. ಹೀಗೆ ಅವನು ಒಂದು ದಿನ ಡಾಕ್ಟರ ಮಗ, ಮರುದಿನ ಕಂಟ್ರಾಕ್ಟರ ಮಗ. ಒರಗಬೇಡ, ಬೆವರಬೇಡ, ಚೆಲ್ಲಿಕೊಳ್ಳಬೇಡ ಎಂಬುದು ಅಮ್ಮನ ಕಾನೂನು. ಕ್ಲಾಸಿನವರು ಅವನನ್ನು ಸಾಹುಕಾರ ಎನ್ನುತ್ತಿದ್ದರು. ಓಡಾಡಿ ಆಡುವಂತಿರಲಿಲ್ಲವಾದ್ದರಿಂದ ನಿಂತಲ್ಲೇ ಆಡಬಹುದಾದ ಆಟವೊಂದನ್ನು ಸಾಹುಕಾರ ಕಲಿತ. ಎಲ್ಲರ ಹಾಗೆ ಮಾತಾಡಿ ನಗಿಸುವುದು. ಆ ಗಿಳಿಯೇ ಈಗ ಮೇಷ್ಟ್ರು. ದೊಡ್ಡ ಶಾಲೆಗಳು ಕರೆದರೂ ಹೋಗದೆ, ಚಪ್ಪಲಿಯಿಲ್ಲದ ಮಕ್ಕಳೇ ಹೆಚ್ಚಾಗಿರುವ ಈ ಶಾಲೆಯನ್ನೇ ಹಿಡಿದುಕೊಂಡಿದ್ದರು.

ಮಧ್ಯಾಹ್ನದ ಗಣಿತದ ಹೊತ್ತಿಗೆ ಹೆಡ್ ಮೇಡಂ ಅಸಲಿ ಕೆಮ್ಮಿನೊಂದಿಗೆ ಕ್ಲಾಸಿಗೆ ಬಂದರು. ಮಕ್ಕಳು ಎದ್ದು ನಿಂತರು. ಮೇಡಂ ಕಣ್ಣು ಸಾಲುಗಳ ಮೇಲೆ ಹರಿದು ಎರಡನೇ ಬೆಂಚಿನ ನೀಲಿ ಫ್ರಾಕಿನ ಹತ್ತಿರ ಸಿಕ್ಕಿಕೊಂಡಿತು. ಅದರ ಕಾಲರಿಗೆ ಬಿಳಿ ಲೇಸು ಹೊಲಿದವರು ಅವರೇ, ತಮ್ಮ ಮಗಳಿಗಾಗಿ. ಹತ್ತಿರ ಹೋಗಿ ಲೇಸನ್ನು ಬೆರಳಲ್ಲಿ ಹಿಡಿದು ನೋಡಿದರು. ಯಾರದಮ್ಮ ಈ ಫ್ರಾಕು ಎಂದು ಕೇಳಿದರು.

ಗಿಳಿ ಮೇಷ್ಟ್ರು ಏನಾದರೊಂದು ಸುಳ್ಳು ಹೊಂಚಿಕೊಳ್ಳುವಷ್ಟರಲ್ಲಿ ಹುಡುಗಿ ಉತ್ತರ ಹೇಳಿಬಿಟ್ಟಳು.

"ನಿಮ್ಮದೇ ಮೇಡಂ. ಸಂಜೆ ರೆಡಿ ಆಗುತ್ತೆ."

ಬೈಯಬೇಕೆಂದು ತೆರೆದ ಮೇಡಂ ಬಾಯಿ ಬೈಗುಳ ಸಿಗದೆ ಹಾಗೇ ಇತ್ತು. ಆಮೇಲೆ ಅವರು, ಅವಸರವೇನಿಲ್ಲ, ನಾಳೆ ಕೊಟ್ಟರೂ ಆದೀತು ಎಂದೇನೋ ಗೊಣಗಿ, ಬಂದ ಕೆಲಸ ಮರೆತು ಹೊರಟುಹೋದರು. ಕ್ಲಾಸಿಗೆ ಕ್ಲಾಸೇ ನಕ್ಕಿತು. ಹುಡುಗಿ ಫ್ರಾಕಿನ ನೆರಿಗೆಯನ್ನು ಬೆಂಚಿಗೆ ತಾಗದಂತೆ ಎತ್ತಿ ಹಿಡಿದು, ತುದಿಯಲ್ಲಿ ಕೂತು, ಲೆಕ್ಕ ಬಿಡಿಸಿದಳು. ಎಲ್ಲರಿಗಿಂತ ಮೊದಲು ಉತ್ತರ ಬಂದದ್ದು ಅವಳಿಗೇ.

ಮರುದಿನ ಅವಳು ಬರಲಿಲ್ಲ. ಅದರ ಮರುದಿನವೂ ಇಲ್ಲ.

ಇಸ್ತ್ರಿ ಅಂಗಡಿ ಹುಡುಕುವುದು ಕಷ್ಟವಾಗಲಿಲ್ಲ. ಮೇಷ್ಟ್ರ ಮೂಗಿಗೆ ಕೆಂಡದ ಮತ್ತು ಬಿಸಿ ಹತ್ತಿಯ ವಾಸನೆ ಬೀದಿಯ ತಿರುವಿನಲ್ಲೇ ಸಿಕ್ಕಿತು. ತಗಡಿನ ಗೂಡಿನಂಥ ಅಂಗಡಿ, ಕಂಬಳಿ ಹೊದಿಸಿದ ಮೇಜು, ಅದರ ಹಿಂದೆ ದೊರೆಸಾನಿಯ ತಾಯಿ. ಒಳಗೆ ಗೋಣಿಯ ಮೇಲೆ ಹುಡುಗಿ ಗುಂಡಿ ಹೊಲಿಯುತ್ತಿದ್ದಳು. ಮೇಷ್ಟ್ರನ್ನು ಕಂಡು ಎದ್ದು ನಿಂತು, ತಾಯಿಯ ಮುಖ ನೋಡಿ ಮತ್ತೆ ಕೂತಳು.

ಹೆಡ್ ಮೇಡಂ ಬೈದಿಲ್ಲ, ಶಿಕ್ಷೆಯೇನೂ ಇಲ್ಲ, ಬಟ್ಟೆ ಕೊಡುವುದನ್ನೂ ನಿಲ್ಲಿಸಿಲ್ಲ ಎಂದು ಮೇಷ್ಟ್ರು ಸಮಾಧಾನ ಹೇಳಿದರು. ಹೆಂಗಸು ಪೆಟ್ಟಿಗೆಯನ್ನು ಒಂದು ಪ್ಯಾಂಟಿನ ಉದ್ದಕ್ಕೂ ಎಳೆದಳು.

"ಬೈದಿದ್ರೆ ಅಲ್ಲಿಗೆ ಮುಗೀತಿತ್ತು ಮೇಷ್ಟ್ರೇ. ಬೈಯದೆ ಹೋಗ್ತಾರಲ್ಲ, ಅಂಥವರನ್ನ ಕಂಡ್ರೆ ಭಯ. ನಾಳೆ ಇನ್ನೊಬ್ಬರ ಕಣ್ಣಿಗೆ ಬೀಳುತ್ತೆ. ಅಂಗಡಿಗೆ ಕೆಟ್ಟ ಹೆಸರು ಬಂದ್ರೆ ಅದಕ್ಕೆ ಯಾವ ಇಸ್ತ್ರಿ ಹಾಕ್ಲಿ? ಶಾಲೆಗೆ ಬಟ್ಟೆ ಬೇಕು, ನಮ್ಮ ಹತ್ರ ಇರೋದೆಲ್ಲ ಬೇರೆಯವರ ಬಟ್ಟೆ. ಶಾಲೆ ಬೇಡ, ಬಿಡಿ."

ಆ ಮಾತಿಗೆ ಮೇಷ್ಟ್ರ ಬಳಿ ಉತ್ತರ ಸಿದ್ಧವಾಗಿತ್ತು, ಕಂಕುಳಲ್ಲಿ. ಹಳದಿ ಬಣ್ಣದ ಹೊಸ ಫ್ರಾಕು. ಅದನ್ನು ಮೇಜಿನ ಮೇಲಿಟ್ಟು, ಇದು ಹುಡುಗಿಗೆ, ನಾಳೆ ಇದನ್ನೇ ಹಾಕಿಕೊಂಡು ಬರಲಿ ಎಂದರು. ಹೆಂಗಸು ಫ್ರಾಕನ್ನು ತಿರುವಿ, ಹೊಲಿಗೆ ಎಳೆದು ನೋಡಿ, ಬಟ್ಟೆ ಗಟ್ಟಿಯಾಗಿದೆ ಎಂದು ಒಪ್ಪಿ, ಆಗಲಿ ಎಂದಳು. ಮೇಷ್ಟ್ರು ಗೆದ್ದ ಉತ್ಸಾಹದಲ್ಲಿ ದಾರಿಯುದ್ದಕ್ಕೂ ಹೆಡ್ ಮೇಡಂ ಹಾಗೆ ಕೆಮ್ಮುತ್ತ ಮನೆಗೆ ಹೋದರು. ಎದುರು ಬಂದವನೊಬ್ಬ ಮೂಗು ಮುಚ್ಚಿಕೊಂಡ.

ದೊರೆಸಾನಿ ಹಳದಿ ಫ್ರಾಕಿನಲ್ಲಿ ಬಂದಳು. ಅದೇ ಕೊಕ್ಕರೆ ಕತ್ತು, ಅದೇ ಬೆಂಚಿನ ತುದಿ. ಹೊಸ ಬಟ್ಟೆ, ಒಂದು ದಿನ ಹಾಗೇ ಇರುತ್ತೆ ಎಂದು ಮೇಷ್ಟ್ರು ಸುಮ್ಮನಾದರು. ಮರುದಿನ ಬೆಳಿಗ್ಗೆ ಅವಳು ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತಿದ್ದಳು. ಮೈ ಮೇಲೆ ಎರಡು ಸಲ ಅಂಚು ಬಿಚ್ಚಿ ಉದ್ದ ಮಾಡಿದ, ಬೆನ್ನಿಗೆ ಪಿನ್ನು ಚುಚ್ಚಿ ಸೇರಿಸಿದ ಹಳೇ ಲಂಗ ರವಿಕೆ. ಕೈಯಲ್ಲಿ ಹಳೇ ಪತ್ರಿಕೆಯ ಪೊಟ್ಟಣ. ಅದನ್ನು ಎರಡೂ ಕೈಯಲ್ಲಿ ಮೇಷ್ಟ್ರ ಮೇಜಿನ ಮೇಲಿಟ್ಟಳು. ಒಳಗೆ ಹಳದಿ ಫ್ರಾಕು, ಗಂಜಿ ಹಾಕಿ, ಗರಿಗರಿಯಾಗಿ, ಪುಸ್ತಕದ ಹಾಗೆ ಮಡಿಸಿತ್ತು. ಅಷ್ಟು ಚೆನ್ನಾಗಿ ಅದು ಕೊಂಡ ಅಂಗಡಿಯಲ್ಲೂ ಕಂಡಿರಲಿಲ್ಲ.

"ಕೊಟ್ಟು ಬಾ ಅಂದ್ಲು ಅಮ್ಮ. ನಾಳೆಯಿಂದ ಬರಲ್ಲ ಸಾರ್."

ಅದು ನಿನ್ನದೇ ಕಣಮ್ಮ, ವಾಪಸ್ ಕೊಡೋದಲ್ಲ ಎಂದು ಮೇಷ್ಟ್ರು ನಗುತ್ತ ಹೇಳಿದರು. ಹುಡುಗಿ ನಗಲಿಲ್ಲ. ಬಂದ ಬಟ್ಟೆ ಹೋಗಲೇಬೇಕಲ್ಲ ಸಾರ್, ಅಂಗಡಿಯಲ್ಲಿ ಉಳಿದುಕೊಂಡ ಬಟ್ಟೆ ಅಂದ್ರೆ ಕದ್ದ ಬಟ್ಟೆ ಅಂತ ಅಮ್ಮ ಹೇಳ್ತಾಳೆ ಎಂದಳು. ಹಾಗೆ ಹೇಳುವಾಗ ಅವಳು ನೋಡುತ್ತಿದ್ದದ್ದು ಮೇಷ್ಟ್ರನ್ನಲ್ಲ, ಅವರ ಬೆನ್ನ ಹಿಂದೆ ತೂಗುಹಾಕಿದ್ದ ಭೂಪಟವನ್ನು, ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ. ಆಮೇಲೆ ಹೊರಟುಹೋದಳು.

ಸಂಜೆ ಮೇಷ್ಟ್ರು ತಮ್ಮ ಅಮ್ಮನ ಮುಂದೆ ಈ ಕಥೆಯನ್ನು ಎಲ್ಲರ ಧ್ವನಿಯಲ್ಲೂ ಹೇಳಿದರು. ಮುದುಕಿ ಈಗ ಇಸ್ತ್ರಿ ಬಿಟ್ಟು ಬಹಳ ಕಾಲವಾಗಿದ್ದರೂ ಬಲಗೈ ಮಾತ್ರ ಕೂತಲ್ಲೇ ತೊಡೆಯ ಮೇಲಿನ ಸೀರೆಯ ಸುಕ್ಕನ್ನು ಉಜ್ಜುತ್ತಿತ್ತು. ಹೆಡ್ ಮೇಡಂ ಭಾಗಕ್ಕೆ ಹೊಟ್ಟೆ ಹಿಡಿದು ನಕ್ಕಳು. ಪೊಟ್ಟಣದ ಭಾಗ ಬಂದಾಗ ನಗು ನಿಲ್ಲಿಸಿ, ಅವಳು ಮಾಡಿದ್ದು ಸರಿಯಾಗೇ ಇದೆಯಲ್ಲೋ ಎಂದಳು.

"ಸರಿ ಹೇಗಮ್ಮ? ನಾನು ಕೊಟ್ಟಿದ್ದು ಉಡುಗೊರೆ."

"ಇಸ್ತ್ರಿ ಮೇಜಿನ ಮೇಲೆ ಇಟ್ಟಿದ್ದು ಉಡುಗೊರೆ ಆಗಲ್ಲ ಕಣೋ. ಅಲ್ಲಿಗೆ ಬಂದಿದ್ದೆಲ್ಲ ಗಿರಾಕಿ ಬಟ್ಟೆ." ಮುದುಕಿ ಸ್ವಲ್ಪ ಹೊತ್ತು ಸೀರೆ ಉಜ್ಜಿದಳು. "ನಿನ್ನ ಮೊದಲನೇ ಸ್ವಂತ ಅಂಗಿ ಎಲ್ಲಿಂದ ಬಂತು, ನೆನಪಿದೆಯಾ?"

ನೆನಪಿರದೆ ಏನು. ಡಾಕ್ಟರ ಮಗನ ಗೀಟಿನ ಅಂಗಿ. ಅಮ್ಮನಿಗೆ ತೂಕಡಿಕೆ ಬಂದು ಪೆಟ್ಟಿಗೆ ಬೆನ್ನ ಮೇಲೆ ಕೂತುಬಿಟ್ಟು, ಇಸ್ತ್ರಿಯದೇ ಆಕಾರದ ಕಂದು ಕಲೆಯಾಗಿತ್ತು. ಹಾಳಾದ ಬಟ್ಟೆಯನ್ನು ಗಿರಾಕಿ ವಾಪಸ್ ತೆಗೆದುಕೊಳ್ಳುವುದಿಲ್ಲ, ಅದು ಅಂಗಡಿಯವರ ತಲೆಗೇ ಬೀಳುತ್ತದೆ. ಆ ಅಂಗಿ ಹಾಗೆ ಮಗನ ಮೈಗೆ ಬಿತ್ತು. ಅದನ್ನು ಹಾಕಿಕೊಂಡ ದಿನ ಸಾಹುಕಾರ ಗೋಡೆಗೆ ಒರಗಿದ, ಮರ ಹತ್ತಿದ, ಮಣ್ಣಲ್ಲಿ ಉರುಳಿದ.

"ತೂಕಡಿಕೆ ಬಂದಿತ್ತು ಅಂದ್ಕೊಂಡಿದ್ಯಾ ಇಷ್ಟು ವರ್ಷ?" ಎಂದಳು ಮುದುಕಿ. "ಪೂರಾ ಎಚ್ಚರ ಇದ್ದೆ. ಆಮೇಲೆ ಆ ಡಾಕ್ಟರ ಮನೇದು ಎಷ್ಟು ಬಟ್ಟೆ ಪುಕ್ಕಟೆ ಇಸ್ತ್ರಿ ಮಾಡಿದೀನಿ ಗೊತ್ತಾ. ಕೈ ಬಿದ್ದುಹೋಗಿತ್ತು."

ಮೇಷ್ಟ್ರು ಎದ್ದು ಪೊಟ್ಟಣ ತೆಗೆದುಕೊಂಡು ಸೀದಾ ಇಸ್ತ್ರಿ ಅಂಗಡಿಗೆ ನಡೆದರು.

ಅಲ್ಲಿ ಅವರು ಗಿರಾಕಿಯ ಗತ್ತಿನಲ್ಲೇ ಮಾತಾಡಿದರು. ನಾಳೆ ಶಾಲೆಯಲ್ಲಿ ಬೋರ್ಡುಗಳಿಗೆ ಕರಿ ಬಣ್ಣ ಬಳಿಯುವ ಕೆಲಸವಿದೆ, ಎಲ್ಲ ಮಕ್ಕಳೂ ಬೇಕು. ಇದೊಂದು ದಿನ ಹುಡುಗಿ ಈ ಫ್ರಾಕು ಹಾಕಿಕೊಂಡು ಬರಲಿ. ಸಂಜೆ ಇದು ಹೀಗೇ ವಾಪಸ್ ಬಂದರೆ ತೆಗೆದುಕೊಂಡು ಹೋಗಿ ಇನ್ನು ಈ ಕಡೆ ತಲೆ ಹಾಕುವುದಿಲ್ಲ.

"ಹಾಳಾದ್ರೆ?" ಎಂದಳು ಹೆಂಗಸು.

"ಹಾಳಾದ ಬಟ್ಟೆ ನಾನು ವಾಪಸ್ ತಗೊಳ್ಳಲ್ಲ. ಅಂಗಡಿ ಪದ್ಧತಿ ನಿಮಗೇ ಗೊತ್ತಲ್ಲ."

ಹೆಂಗಸಿನ ಪೆಟ್ಟಿಗೆ ನಿಂತಿತು. ಅವಳು ಮೇಷ್ಟ್ರನ್ನು ಅಡಿಯಿಂದ ಮುಡಿಯವರೆಗೆ ಅಳೆದಳು. "ನನ್ನ ಮಗಳ ಮೈ ಮೇಲೆ ಇವತ್ತಿನವರೆಗೆ ಒಂದು ಬಟ್ಟೆ ಕೊಳೆ ಆಗಿಲ್ಲ ಮೇಷ್ಟ್ರೇ. ಹಾಗೆ ಬೆಳೆಸಿದೀನಿ." ಒಳಗೆ ಗೋಣಿಯ ಮೇಲೆ ಗುಂಡಿ ಹೊಲಿಯುತ್ತಿದ್ದ ಸೂಜಿ ಒಂದು ಕ್ಷಣ ಮೇಲೇ ನಿಂತು, ಮತ್ತೆ ಕೆಳಗಿಳಿಯಿತು.

ಬಣ್ಣ ಬಳಿಯುವವನು ನಾಳೆ ನಾಳೆ ಎಂದು ಹೆಡ್ ಮೇಡಂಗೆ ಆಟ ತೋರಿಸುತ್ತಲೇ ಇದ್ದ. ಆದ್ದರಿಂದ ಮರುದಿನ ಮೇಷ್ಟ್ರು ನಾವೇ ಬಳಿಯುತ್ತೇವೆಂದಾಗ ಅವರು ಎರಡು ಡಬ್ಬಿ ಬಣ್ಣ ಕೊಟ್ಟು ಹೊರಗೆ ಹೋಗಿ ಕೆಮ್ಮಿಕೊಂಡರು. ಹಳೇ ಬೋರ್ಡುಗಳನ್ನು ಬಯಲಿಗೆ ಹೊತ್ತು ತಂದು ಮಲಗಿಸಲಾಯಿತು. ಕುಂಚ ಸಿಕ್ಕವರು ಕುಂಚದಲ್ಲಿ, ಸಿಗದವರು ಚಿಂದಿಯಲ್ಲಿ ಬಳಿದರು. ಸ್ವಲ್ಪ ಹೊತ್ತಿಗೆಲ್ಲ ಬೋರ್ಡು ಯಾವುದು, ಮಕ್ಕಳು ಯಾರು ಎಂದು ಹೇಳುವುದು ಕಷ್ಟವಾಯಿತು.

ಹಳದಿ ಫ್ರಾಕಿನ ದೊರೆಸಾನಿ ಮಾತ್ರ ನೀರಿನಲ್ಲಿ ಬಾತುಕೋಳಿಯ ಹಾಗೆ ಎಲ್ಲರ ನಡುವೆ ಒಣಗಿಯೇ ತೇಲುತ್ತಿದ್ದಳು. ಗಿಳಿ ಮೇಷ್ಟ್ರು ಅವಳ ಪಕ್ಕದಲ್ಲಿ ಕುಂಚ ಕೊಡವಿದರು. ಅವಳು ವಾಲಿದಳು, ಬಣ್ಣ ಅವರ ಕನ್ನಡಕಕ್ಕೆ ಬಿತ್ತು. ಡಬ್ಬಿ ಹಿಡಿದು ಎಡವಿದಂತೆ ನಟಿಸಿದರು. ಅವಳು ಹಾರಿದಳು, ಅವರು ನಿಜವಾಗಿಯೂ ಎಡವಿದರು. ಬಿಳಿ ಅಂಗಿಯ ಮುಂಭಾಗವೆಲ್ಲ ಕಪ್ಪಾಯಿತು. ಬಯಲಿಗೆ ಬಯಲೇ ಬಿದ್ದು ಬಿದ್ದು ನಕ್ಕಿತು. ಬೆಳೆಸಿದ ತಾಯಿಯ ಮಾತು ಸುಳ್ಳಾಗುವ ಲಕ್ಷಣವೇ ಇರಲಿಲ್ಲ. ಕೆಲಸ ಮುಗಿಯುತ್ತ ಬಂತು. ಕೊನೆಯ ಬೋರ್ಡಿನ ಕೊನೆಯ ಮೂಲೆ ಬಳಿಯುವಷ್ಟರಲ್ಲಿ ಮೇಷ್ಟ್ರು ಸೋತು, ಕನ್ನಡಕ ಒರೆಸಿಕೊಳ್ಳುತ್ತ ನೆಲದ ಮೇಲೆ ಕೂತುಬಿಟ್ಟರು.

ಹುಡುಗಿ ಬಂದು ಅವರ ಎದುರು ನಿಂತಳು.

"ಸಾರ್, ಈ ಬಣ್ಣ ಸೀಮೆಎಣ್ಣೆಯಲ್ಲಿ ಉಜ್ಜಿದ್ರೆ ಹೋಗುತ್ತಾ?"

"ಸ್ವಲ್ಪ ಮಾಸುತ್ತೆ. ಪೂರ್ತಿ ಹೋಗಲ್ಲ."

"ನಿಜವಾಗ್ಲೂ ಹೋಗಲ್ವಾ?"

"ಇಲ್ಲಮ್ಮ."

ಅವಳು ಒಂದು ಸಲ ತಲೆಯಾಡಿಸಿದಳು. ಡಬ್ಬಿಯ ಹತ್ತಿರ ಕುಕ್ಕರಗಾಲಲ್ಲಿ ಕೂತು, ಫ್ರಾಕಿನ ತೋಳು ತಾಗದಂತೆ ಅಚ್ಚುಕಟ್ಟಾಗಿ ಮೇಲಕ್ಕೆ ಮಡಿಸಿ, ಬಲಗೈಯನ್ನು ಮಣಿಕಟ್ಟಿನವರೆಗೆ ಬಣ್ಣದಲ್ಲಿ ಅದ್ದಿದಳು. ತೊಟ್ಟಿಕ್ಕುವುದು ನಿಲ್ಲುವವರೆಗೆ ಕಾದಳು. ಆಮೇಲೆ ಎದ್ದು ನಿಂತು, ಬೆರಳುಗಳನ್ನು ಚೆನ್ನಾಗಿ ಅಗಲಿಸಿ, ಎದೆಯ ಮೇಲೆ ಒತ್ತಿ ಹಿಡಿದಳು. ಅವಳ ತುಟಿಗಳು ಮೆಲ್ಲಗೆ ಏನೋ ಎಣಿಸುತ್ತಿದ್ದವು.

ಮಾರನೆಯ ಬೆಳಿಗ್ಗೆ ಪ್ರಾರ್ಥನೆಯ ಹೊತ್ತಿಗೆ ಇಸ್ತ್ರಿ ಅಂಗಡಿಯ ಹೆಂಗಸು ಗೇಟಿನವರೆಗೆ ಬಂದಿದ್ದಳು. ರಾತ್ರಿಯೆಲ್ಲ ಉಜ್ಜಿದ ಕೈಗಳು ಕೆಂಪಾಗಿದ್ದವು. ಮುಖ ಮಾತ್ರ ಗಂಜಿ ಹಾಕಿದಷ್ಟು ಬಿಗಿ.

"ನಿಮ್ಮ ಬಟ್ಟೆ ಹಾಳಾಯ್ತು ಮೇಷ್ಟ್ರೇ. ವಾಪಸ್ ಕೊಡೋ ಹಾಗಿಲ್ಲ."

"ಏನು ಮಾಡೋದು," ಎಂದರು ಮೇಷ್ಟ್ರು ಅಷ್ಟೇ ಬಿಗಿಯಾಗಿ. "ನೀವೇ ಇಟ್ಕೋಬೇಕಾಗುತ್ತೆ."

ಅವಳು ಆಗಲಿ ಎನ್ನುವಂತೆ ತಲೆಯಾಡಿಸಿ, ತಿರುಗಿ, ಬೇಗ ಬೇಗ ನಡೆದುಬಿಟ್ಟಳು. ಬಯಲಿನಲ್ಲಿ ಸಾಲು ಸೇರುತ್ತಿತ್ತು. ಮೂರನೆಯದೋ ನಾಲ್ಕನೆಯದೋ ಸ್ಥಾನದಲ್ಲಿ ಹಳದಿ ಫ್ರಾಕು ನಿಂತಿತ್ತು. ಅದರ ಎದೆಯ ಮೇಲೆ ಕಪ್ಪು ಹೋಗಿ ಬೂದಿ ಬಣ್ಣಕ್ಕೆ ಇಳಿದ ಅಂಗೈ, ಐದೂ ಬೆರಳು. ಕಾಲರಿನಿಂದ ಅಂಚಿನವರೆಗೆ, ಆ ಬೆರಳುಗಳ ಸಂದುಸಂದಿನಲ್ಲೂ ಪೆಟ್ಟಿಗೆ ಹೋಗಿ ಬಂದಿತ್ತು. ಹುಡುಕಿದರೂ ಒಂದು ಸುಕ್ಕಿರಲಿಲ್ಲ.